ಕಣ್ಣು ಹಾರುವುದು, ಕಾಲು ಸೆಳೆಯುವುದು, ಮೈ ಅದುರುವುದು



ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕ್ಲಾಸಿನಲ್ಲಿ ಬೆಂಚಿಗೊಬ್ಬರಾದರೂ ರೆಪ್ಪೆ ಉಜ್ಜಿಕೊಳ್ಳುತ್ತಾ “ಎರಡು ದಿನದಿಂದ ಕಣ್ಣು ಹಾರ್ತಾ ಇದೆ” ಎನ್ನುತ್ತಾರೆ. ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಹಾರಿದರೆ ಒಳ್ಳೆಯದು, ಉಲ್ಟಾ ಆದರೆ ಕೆಟ್ಟದ್ದು ಎಂದು ಕನ್ನಡ ಮನೆಗಳಲ್ಲಿ ಹೇಳುತ್ತಾರೆ. ನಮ್ಮ ಉರ್ದು ಮನೆಗಳಲ್ಲಿಯೂ “ಆಂಖ್ ಫಡಕ್ ರಹೀ ಹೈ” ಎಂದರೆ ಸಾಕು, ನಾನಿ ಮೊದಲು ಕೇಳುವುದು “ಯಾವ ಕಣ್ಣು?” ಎಂದು. ಶಕುನ ನೋಡಬಾರದು ಎಂದು ಮಸೀದಿಯಲ್ಲಿ ಎಷ್ಟು ಸಲ ಕೇಳಿದ್ದರೂ ಈ ಪ್ರಶ್ನೆ ಮಾತ್ರ ಮನೆಯಿಂದ ಹೋಗಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ, ನಮಗೆ ಬಯಾಲಜಿ ಇಲ್ಲ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ಕಣ್ಣು ಹಾರುವುದು ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಅಲ್ಲ. ಆದರೆ ನಮ್ಮ ಯಾದಗಿರಿ ಜಿಲ್ಲೆಯಲ್ಲಿ, ಅದರಲ್ಲೂ ಕಾಲುವೆ ನೀರು ಬರುವ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ, ಒಂದು ಬಗೆಯ ಅದುರುವಿಕೆ ಇದೆ. ಅದನ್ನು ಬೆಳಗಿನವರೆಗೆ ನೋಡೋಣ ಎಂದು ಬಿಡುವ ಹಾಗಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನಮ್ಮಂಥವರಿಗೂ ತಿಳಿದಿರಬೇಕು. ಏಕೆಂದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಓದಲು ಬಲ್ಲವರು ಬಹಳ ಸಲ ನಾವೇ ಆಗಿರುತ್ತೇವೆ.

ಮೊದಲು ಶರೀರದಲ್ಲಿ ಏನಾಗುತ್ತದೆ ನೋಡೋಣ. ಸ್ನಾಯು ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಿಂದಲೋ ಬೆನ್ನುಹುರಿಯಿಂದಲೋ ಹೊರಟ ಒಂದು ನರತಂತು ಸ್ನಾಯುವಿನೊಳಗೆ ಬಂದು ಕವಲೊಡೆದು ಹಲವು ಎಳೆಗಳಿಗೆ ಆದೇಶ ಕೊಡುತ್ತದೆ. ಒಂದು ನರಕೋಶ ಮತ್ತು ಅದರ ಕೈಕೆಳಗಿನ ಎಲ್ಲ ಎಳೆಗಳನ್ನು ಸೇರಿಸಿ ‘ಮೋಟಾರ್ ಯೂನಿಟ್’ ಎನ್ನುತ್ತಾರೆ. ಕಣ್ಣುಗುಡ್ಡೆ ತಿರುಗಿಸುವ ಸೂಕ್ಷ್ಮ ಸ್ನಾಯುಗಳಲ್ಲಿ ಒಂದು ನರಕ್ಕೆ ಸುಮಾರು ಹತ್ತು ಎಳೆ ಇದ್ದರೆ, ಮೀನಖಂಡದ ದೊಡ್ಡ ಸ್ನಾಯುವಿನಲ್ಲಿ ಒಂದು ನರಕ್ಕೆ ಸಾವಿರಕ್ಕೂ ಹೆಚ್ಚು ಎಳೆಗಳಿರುತ್ತವೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಎಳೆಗೆ ತಾಗಿದಾಗ ಎಳೆ ಸಂಕುಚಿತವಾಗುತ್ತದೆ. ನರ ಮಾತನಾಡುವುದು ಹೀಗೆ ರಾಸಾಯನಿಕದ ಮೂಲಕ ಎಂದು 1921ರಲ್ಲಿ ಒಟ್ಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ಕೆಲವೊಮ್ಮೆ ಮಿದುಳು ಹೇಳದೆಯೇ ಒಂದು ನರ ತಾನೇ ಸಿಡಿದು ತನ್ನ ಎಳೆಗಳನ್ನು ಕುಣಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹೆಡ್ ಆಫೀಸಿನ ಆದೇಶವಿಲ್ಲದೆ ಬ್ರಾಂಚಿನವರು ತಾವೇ ವೋಚರ್ ಪಾಸ್ ಮಾಡಿದ ಹಾಗೆ. ಚರ್ಮದ ಕೆಳಗೆ ಹುಳು ಹರಿದಂತೆ ಕಾಣುತ್ತದೆ, ಆದರೆ ಕೈಯೋ ಕಾಲೋ ಅಲ್ಲಾಡುವಷ್ಟು ಬಲ ಅದಕ್ಕೆ ಇರುವುದಿಲ್ಲ. ವೈದ್ಯರು ಇದನ್ನು ಫಾಸಿಕ್ಯುಲೇಶನ್ ಎನ್ನುತ್ತಾರೆ. ಇದನ್ನು ಬೇರೆ ಮೂರು ತೊಂದರೆಗಳ ಜೊತೆ ಬೆರೆಸಬಾರದು. ಇಡೀ ಸ್ನಾಯು ಗಟ್ಟಿಯಾಗಿ ಹಿಡಿದು ನೋಯಿಸಿದರೆ ಅದು ಸೆಳೆತ. ಕೈ ಒಂದೇ ತಾಳದಲ್ಲಿ ಅತ್ತಿತ್ತ ಆಡಿದರೆ ನಡುಕ. ಪ್ರಜ್ಞೆ ತಪ್ಪಿ ಮೈ ಜಗ್ಗಿದರೆ ಫಿಟ್ಸ್. ನಿದ್ದೆ ಹತ್ತುವ ಹೊತ್ತಿಗೆ ಮೆಟ್ಟಿಲು ತಪ್ಪಿದಂತೆ ಮೈ ಒಮ್ಮೆ ಧಡಕ್ಕನೆ ಎಗರುತ್ತದಲ್ಲ, ಅದು ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ತಾಯತ ಕಟ್ಟಿಸಬೇಕಾಗಿಲ್ಲ.

ಈಗ ಕಣ್ಣಿನ ವಿಷಯ. ಪರೀಕ್ಷೆಯ ಸಮಯದಲ್ಲಿಯೇ ಕಣ್ಣು ಯಾಕೆ ಹಾರುತ್ತದೆ ಎಂದರೆ ನಿದ್ದೆ ಇಲ್ಲದಿರುವುದು, ಚಿಂತೆ, ಹೊತ್ತುಗಟ್ಟಲೆ ಮೊಬೈಲ್ ನೋಡುವುದು, ಮತ್ತು ಚಹಾ. ನಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಕ್ಲಾಸಿನಲ್ಲಿ ಕೈ ಎತ್ತಿಸಿದರೆ 6 ಗಂಟೆ ಮಲಗುವವರೂ ಕಡಿಮೆಯೇ ಸಿಗುತ್ತಾರೆ ಎಂದು ನನ್ನ ಅಂದಾಜು. ಚಹಾದಲ್ಲಿರುವ ಕೆಫೀನ್ ನಮಗೆ ಶಕ್ತಿ ಕೊಡುವುದಿಲ್ಲ. ದಣಿವಾಗಿದೆ ಎಂದು ಮಿದುಳಿಗೆ ತಿಳಿಸುವ ಅಡಿನೋಸಿನ್ ಎಂಬ ವಸ್ತುವನ್ನು ಬಾಗಿಲಲ್ಲೇ ತಡೆಯುತ್ತದೆ, ಅಷ್ಟೇ. ಸಾಲ ತೀರಿಸದೆ ನೋಟಿಸನ್ನು ಮಾತ್ರ ಬಚ್ಚಿಟ್ಟ ಹಾಗೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ರಾತ್ರಿ 10ಕ್ಕೆ ಕುಡಿದ ಕಡಕ್ ಚಹಾ ನಸುಕಿನ 3 ಗಂಟೆಗೂ ನಮ್ಮ ಜೊತೆ ಎಚ್ಚರವಾಗಿರುತ್ತದೆ ಎಂದಾಯಿತು. ಹದಿಹರೆಯದವರಿಗೆ ದಿನಕ್ಕೆ 100 ಮಿಲಿಗ್ರಾಂ ಕೆಫೀನ್ ಸಾಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಒಂದು ಕಪ್ಪು ಚಹಾದಲ್ಲಿ 30ರಿಂದ 50 ಮಿಲಿಗ್ರಾಂ ಇರುತ್ತದೆ, ಲೆಕ್ಕ ನೀವೇ ಹಾಕಿಕೊಳ್ಳಿ. ರೆಪ್ಪೆಯ ಅದುರು ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಂದು ಹೋಗಿ ತಾನೇ ನಿಲ್ಲುತ್ತದೆ. ಕಣ್ಣು ಪೂರ್ತಿ ಮುಚ್ಚಿಕೊಂಡು ತೆರೆಯಲು ಬಾರದಿದ್ದರೆ, ಮುಖದ ಒಂದು ಕಡೆಯ ಕೆನ್ನೆ ಬಾಯಿಗೂ ಹರಡಿದರೆ, ಕಣ್ಣು ಕೆಂಪಾಗಿ ಊದಿಕೊಂಡರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು.

ಪರೀಕ್ಷಾ ಹಾಲಿನಲ್ಲಿ ಇನ್ನೊಂದು ಆಗುತ್ತದೆ, ಅದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಪ್ರಶ್ನೆಪತ್ರಿಕೆ ನೋಡಿ ಗಾಬರಿಯಾದವರು ತಮಗೇ ಗೊತ್ತಿಲ್ಲದೆ ವೇಗವಾಗಿ ಉಸಿರಾಡತೊಡಗುತ್ತಾರೆ. ಬೆರಳು ಜುಮುಜುಮು ಎನ್ನುತ್ತದೆ, ತುಟಿ ಮರಗಟ್ಟುತ್ತದೆ, ಕೊನೆಗೆ ಬೆರಳುಗಳು ಗಂಟು ಹಾಕಿದಂತೆ ಒಳಗೆ ಸೆಳೆದುಕೊಳ್ಳುತ್ತವೆ. ನೋಡಿದವರು ಗಾಳಿ ಸೋಕಿತು, ಜಿನ್ ಹಿಡಿಯಿತು ಎನ್ನುತ್ತಾರೆ. ನಿಜ ಸಂಗತಿ ಏನೆಂದರೆ, ಅತಿಯಾಗಿ ಉಸಿರು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ನರಗಳ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಆ ಹೊತ್ತಿಗೆ ತಗ್ಗಿ ನರಗಳು ಚುರುಕಾಗುತ್ತವೆ. ಹತ್ತಿರ ಕುಳಿತು ನಿಧಾನವಾಗಿ ಮೂಗಿನಿಂದ ಉಸಿರು ಎಳೆಯಲು, ಅದಕ್ಕಿಂತ ಹೆಚ್ಚು ಹೊತ್ತು ಬಾಯಿಂದ ಬಿಡಲು ಹೇಳಿದರೆ ಸ್ವಲ್ಪ ಹೊತ್ತಿನಲ್ಲಿ ಬೆರಳು ಸಡಿಲವಾಗುತ್ತದೆ. ಸುತ್ತ ಜನ ಸೇರಿಸಿ ಗದ್ದಲ ಮಾಡಿದರೆ ಹೆಚ್ಚಾಗುತ್ತದೆ. ಪದೇ ಪದೇ ಹೀಗಾಗುವವರು ಒಮ್ಮೆ ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿಕೊಳ್ಳುವುದು ಒಳ್ಳೆಯದು.

ಮೀನಖಂಡ ಹಿಡಿದುಕೊಳ್ಳುವುದು ನಮ್ಮೂರಿನ ಬಿಸಿಲಿನವರಿಗೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ದಿನವಿಡೀ ಬೆವರು ಸುರಿಸಿ ಬರೀ ನೀರನ್ನೇ ಕುಡಿದರೆ ಉಪ್ಪಿನ ಖಾತೆ ಖಾಲಿಯಾಗಿಯೇ ಉಳಿಯುತ್ತದೆ, ಆಗ ಸ್ನಾಯು ಅದುರಿ ಸೆಳೆಯುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದರೆ ಮನೆಯ ಓಆರ್‌ಎಸ್ ಆಗುತ್ತದೆ. ಉಪ್ಪು ಹಾಕಿದ ಮಜ್ಜಿಗೆಯೂ ನಡೆಯುತ್ತದೆ. ರೋಜಾ ಇರುವವರು ಸಹರಿಯಲ್ಲಿ ಎರಡು ಗ್ಲಾಸ್ ಚಹಾ ಕುಡಿಯುವ ಬದಲು ನೀರು, ಮೊಸರು, ಬಾಳೆಹಣ್ಣು ತೆಗೆದುಕೊಂಡರೆ ಮಧ್ಯಾಹ್ನದ ಹೊತ್ತಿಗೆ ಕಾಲು ಕಡಿಮೆ ಹಿಡಿಯುತ್ತದೆ. ಬಿಸಿಲಿನಲ್ಲಿ ಒಬ್ಬರು ತೊದಲಿ ಮಾತನಾಡತೊಡಗಿದರೆ, ಮೈ ಕೆಂಡದಂತೆ ಸುಟ್ಟು ಎಚ್ಚರ ತಪ್ಪಿದರೆ ಅದು ಸೆಳೆತವಲ್ಲ, ಬಿಸಿಲಾಘಾತ. ಆಗ ರೋಜಾ ಬಿಡಿಸಿ, ನೆರಳಿಗೆ ತಂದು, ಮೈಗೆ ನೀರು ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಮೊಬೈಲಿನಲ್ಲಿ ‘ಸ್ನಾಯು ಅದುರುವುದು’ ಎಂದು ಹುಡುಕಿದವರಿಗೆ ಎರಡನೆಯದೋ ಮೂರನೆಯದೋ ಸಾಲಿನಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಎಂಬ ಹೆಸರು ಕಾಣುತ್ತದೆ, ಜೊತೆಗೆ ಗಾಲಿಕುರ್ಚಿಯಲ್ಲಿ ಕುಳಿತ ಸ್ಟೀಫನ್ ಹಾಕಿಂಗ್ ಅವರ ಚಿತ್ರ. ಆ ರಾತ್ರಿ ನಿದ್ದೆ ಬರುವುದಿಲ್ಲ, ನಿದ್ದೆ ಬಾರದ್ದಕ್ಕೆ ಅದುರು ಇನ್ನೂ ಹೆಚ್ಚಾಗುತ್ತದೆ. ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಆ ಕಾಯಿಲೆ ಪತ್ತೆಯಾದದ್ದು ನಿಜ, ಆದರೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಬರುವುದು ಬಹಳ ಅಪರೂಪ. ಆ ಕಾಯಿಲೆಯಲ್ಲಿ ಮುಖ್ಯವಾದದ್ದು ಅದುರುವಿಕೆಯಲ್ಲ, ಬಲ ಕಡಿಮೆಯಾಗುವುದು ಮತ್ತು ಸ್ನಾಯು ಸೊರಗುವುದು. ನಮ್ಮ ವಯಸ್ಸಿನ ಹುಡುಗರು ತಿಳಿದಿರಬೇಕಾದ ಬೇರೆ ಒಂದು ಕಾಯಿಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರಿ ದೇವಿ ಮತ್ತು ಅವರ ಸಂಗಡಿಗರು 1984ರಲ್ಲಿ ಅದನ್ನು ವಿವರಿಸಿ ‘ಮೋನೋಮೆಲಿಕ್ ಅಮಯೋಟ್ರೋಫಿ’ ಎಂದು ಹೆಸರಿಟ್ಟರು. ಹೆಚ್ಚಾಗಿ ಹದಿಹರೆಯದ ಹುಡುಗರಲ್ಲಿ ಒಂದೇ ಕೈಯೋ ಒಂದೇ ಕಾಲೋ ಮೆಲ್ಲಗೆ ಸೊರಗುತ್ತದೆ, ಕೆಲವು ವರ್ಷ ಹೆಚ್ಚಾಗಿ ಆಮೇಲೆ ಹೆಚ್ಚಿನವರಲ್ಲಿ ಅಲ್ಲಿಗೇ ನಿಲ್ಲುತ್ತದೆ. ಜೀವಕ್ಕೆ ಅಪಾಯ ತರುವಂಥದ್ದಲ್ಲ. ಆದ್ದರಿಂದ ಎಷ್ಟು ಸಲ ಅದುರಿತು ಎಂದು ಎಣಿಸುತ್ತಾ ಕೂರುವ ಬದಲು ಬೇರೆ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಅಂಗಿಯ ಗುಂಡಿ ಹಾಕಲು ಬರುತ್ತದೆಯೇ? ಬೀಗದ ಕೈ ತಿರುಗಿಸಲು ಆಗುತ್ತದೆಯೇ? ಚಪ್ಪಲಿ ಕಾಲಿನಿಂದ ಜಾರುತ್ತದೆಯೇ? ಎರಡು ಕೈ ಪಕ್ಕಪಕ್ಕ ಇಟ್ಟರೆ ಒಂದು ತೆಳ್ಳಗೆ ಕಾಣುತ್ತದೆಯೇ? ಇವೆಲ್ಲ ಸರಿ ಇದ್ದು ಬರೀ ಅದುರು ಇದ್ದರೆ ಹೆಚ್ಚಾಗಿ ಹೆದರುವ ಕಾರಣವಿಲ್ಲ.

ಇನ್ನು ನಾನು ಆರಂಭದಲ್ಲಿ ಹೇಳಿದ, ಕಾಯಲಾಗದ ಅದುರುವಿಕೆ.

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ ಕಟ್ಟಿದ ಮೇಲೆ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ ಕಡೆಯ ಹೊಲಗಳಿಗೆ ನೀರು ಬಂತು. ಜೋಳ, ಸಜ್ಜೆ ಇದ್ದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಬೆಳೆಯ ಜೊತೆ ಹುಳು ಬಂತು, ಹುಳುವಿನ ಜೊತೆ ಡಬ್ಬಿಗಳು ಬಂದವು. ಹೊಲಕ್ಕೆ ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ಕನ್ನಡದಲ್ಲಿ ‘ಎಣ್ಣಿ ಹೊಡೆಯೋದು’ ಎನ್ನುತ್ತಾರೆ, ನಮ್ಮ ದಖನಿಯಲ್ಲಿ ‘ದವಾ ಮಾರ್ನಾ’. ಒಂದು ಭಾಷೆ ಅದನ್ನು ಎಣ್ಣೆ ಎನ್ನುತ್ತದೆ, ಇನ್ನೊಂದು ಔಷಧ ಎನ್ನುತ್ತದೆ. ವಿಷ ಎಂದು ಎರಡೂ ಹೇಳುವುದಿಲ್ಲ. ಬರಿಮೈಯಲ್ಲಿ, ಮೂಗಿಗೆ ಒಂದು ಕರ್ಚೀಫ್ ಕಟ್ಟಿ, ಕೈಯಿಂದಲೇ ಬಕೆಟ್ಟಿನಲ್ಲಿ ಕಲಸುವವರು ಇರುವುದಕ್ಕೆ ಈ ಹೆಸರುಗಳೂ ಸ್ವಲ್ಪ ಕಾರಣ ಎಂದು ನನಗೆ ಅನಿಸುತ್ತದೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್, ಮೋನೋಕ್ರೋಟೋಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಒಂದೇ ಕುಟುಂಬದವು. ಮೊದಲು ಹೇಳಿದ ಅಸಿಟೈಲ್‌ಕೋಲಿನ್ ನೆನಪಿಸಿಕೊಳ್ಳಿ. ಅದು ಎಳೆಗೆ ಆದೇಶ ಕೊಟ್ಟ ಕೂಡಲೇ ಕೋಲಿನೆಸ್ಟರೇಸ್ ಎಂಬ ಕಿಣ್ವ ಬಂದು ಅದನ್ನು ಒಡೆದುಹಾಕುತ್ತದೆ. ಹಾಗೆ ಒಡೆದಾಗಲೇ ಒಂದು ಆದೇಶ ಮುಗಿದು ಮುಂದಿನದಕ್ಕೆ ಜಾಗವಾಗುವುದು. ಆರ್ಗನೋಫಾಸ್ಫೇಟ್ ಈ ಕಿಣ್ವವನ್ನೇ ಹಿಡಿದು ಕಟ್ಟಿಹಾಕುತ್ತದೆ. ಆದೇಶ ಮುಗಿಯುವುದೇ ಇಲ್ಲ. ಹುಳು ಸಾಯುವುದು ಹೀಗೆ. ಮನುಷ್ಯನ ನರವೂ ಅದೇ ರಾಸಾಯನಿಕದಿಂದ ಕೆಲಸ ಮಾಡುವುದರಿಂದ ಸಿಂಪಡಿಸುವವನ ಮೇಲೂ ಅದೇ ಪರಿಣಾಮ.

ಒಳಗೆ ಹೋಗಲು ಕುಡಿಯಲೇಬೇಕೆಂದಿಲ್ಲ. ಚರ್ಮದಿಂದ, ಉಸಿರಿನಿಂದ, ತೊಳೆಯದ ಕೈಯಲ್ಲಿ ಸೇದಿದ ಬೀಡಿಯಿಂದ, ಬದುವಿನ ಮೇಲೆ ಕುಳಿತು ತಿಂದ ರೊಟ್ಟಿಯಿಂದಲೂ ಹೋಗುತ್ತದೆ. ಬೆವರಿದ ಮೈ ಇನ್ನೂ ಬೇಗ ಹೀರಿಕೊಳ್ಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದು ಸಿಂಪಡಿಸಿದ್ದು ಮುಖದ ಮೇಲೆಯೇ ಬೀಳುತ್ತಿತ್ತು ಎಂದು ವರದಿಯಾಗಿತ್ತು. ಯವತ್ಮಾಳದ ಮಣ್ಣೂ ನಮ್ಮ ಹಾಗೆಯೇ ಕಪ್ಪು, ಬೆಳೆಯೂ ಅದೇ ಹತ್ತಿ, ತೊಗರಿ. ನಮ್ಮ ರಾಜ್ಯದಲ್ಲಿ 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದ ತಿಂದು 17 ಜನ ಸತ್ತದ್ದು ಎಲ್ಲರಿಗೂ ನೆನಪಿರಬೇಕು, ಅದರಲ್ಲಿ ಬೆರೆತಿದ್ದದ್ದು ಮೋನೋಕ್ರೋಟೋಫಾಸ್.

ಗುರುತಿಸುವುದು ಹೇಗೆ? ಇಲ್ಲಿ ಅದುರು ಒಂಟಿಯಾಗಿ ಬರುವುದಿಲ್ಲ. ತಲೆನೋವು, ವಾಂತಿ, ಹೊಟ್ಟೆ ಹಿಂಡುವುದು ಮೊದಲಿಗೆ ಕಾಣುತ್ತವೆ. ಬಿಸಿಲಿನ ದಣಿವು ಎಂದು ಎಲ್ಲರೂ ಮೋಸಹೋಗುವುದು ಇಲ್ಲೇ. ಆಮೇಲೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ ಸದ್ದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಬಿಸಿಲಿಗೆ ದಣಿದವನ ಬಾಯಿ ಒಣಗಿರುತ್ತದೆ, ಇವನ ಬಾಯಿ ನೀರಾಡುತ್ತಿರುತ್ತದೆ. ಈ ಒಂದು ವ್ಯತ್ಯಾಸ ನೆನಪಿಟ್ಟರೂ ಸಾಕು. ಕೊನೆಗೆ ರೆಪ್ಪೆ, ಕೆನ್ನೆ, ತೋಳು, ತೊಡೆ, ಎದೆಯ ಸ್ನಾಯುಗಳು ಚರ್ಮದ ಕೆಳಗೆ ಅಲ್ಲಲ್ಲಿ ಅದುರತೊಡಗುತ್ತವೆ, ಕೈಕಾಲಿನ ಬಲ ಇಳಿಯುತ್ತದೆ. ಹೀಗೆ ಅದುರಿ ಅದುರಿ ಸೋತ ಸ್ನಾಯುಗಳಲ್ಲಿ ಉಸಿರಾಡಿಸುವ ಸ್ನಾಯುವೂ ಒಂದು. ಜೀವ ಹೋಗುವುದು ಅದರಿಂದ.

ಕೂಡಲೇ ಹೊಲದಿಂದ ಆಚೆ ತರಬೇಕು. ಬಟ್ಟೆ ಎಲ್ಲ ತೆಗೆದು ತಲೆಗೂದಲು, ಉಗುರು, ಕಿವಿಯ ಹಿಂದೆ ಸೇರಿಸಿ ಸಾಬೂನು ಹಚ್ಚಿ ಹೇರಳ ನೀರಿನಲ್ಲಿ ತೊಳೆಯಬೇಕು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಬೇಕು. ವಾಂತಿ ಮಾಡಿಸಬಾರದು. ಹಾಲು, ತುಪ್ಪ, ಎಣ್ಣೆ ಕುಡಿಸಬಾರದು. ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು, ಹೆಸರು ಬಾಯಲ್ಲಿ ಹೇಳಿದರೆ ಸಾಲದು. ಏಕೆಂದರೆ ಅಂಗಡಿಯಲ್ಲಿ ಸಿಗುವ ಅನೇಕ ಡಬ್ಬಿಗಳಲ್ಲಿ ಎರಡು ವಿಷ ಸೇರಿರುತ್ತವೆ, ಉದಾಹರಣೆಗೆ ಪ್ರೊಫೆನೋಫಾಸ್ 40 ಶೇಕಡಾ, ಸೈಪರ್‌ಮೆಥ್ರಿನ್ 4 ಶೇಕಡಾ. ಎರಡರ ಚಿಕಿತ್ಸೆ ಒಂದೇ ಅಲ್ಲ.

ಆಸ್ಪತ್ರೆಯಲ್ಲಿ ಮೊದಲು ಅಟ್ರೋಪಿನ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ಅದು ಎದೆಯ ನೀರು, ಜೊಲ್ಲು ನಿಲ್ಲಿಸುತ್ತದೆ. ಆದರೆ ಸ್ನಾಯುವಿನ ಅದುರನ್ನು ಅದು ನಿಲ್ಲಿಸುವುದಿಲ್ಲ, ಸ್ನಾಯುವಿನ ಮೇಲಿರುವ ಬಾಗಿಲು ಬೇರೆ ಬಗೆಯದು. ಅದಕ್ಕಾಗಿ ಪ್ರಾಲಿಡಾಕ್ಸಿಮ್ ಎಂಬ ಬೇರೆ ಔಷಧ ಇದೆ, ಬೇಕಾದರೆ ಉಸಿರಾಟದ ಯಂತ್ರಕ್ಕೆ ಹಾಕುತ್ತಾರೆ. ಇಲ್ಲಿ ಒಂದು ಮಾತು ಮನೆಯವರಿಗೆ ಬಿಡಿಸಿ ಹೇಳಬೇಕು. ಜೊಲ್ಲು ನಿಂತಿತು, ಮಾತನಾಡುತ್ತಿದ್ದಾನೆ, ಖರ್ಚು ಯಾಕೆ ಎಂದು ಮರುದಿನವೇ ರೋಗಿಯನ್ನು ಬಿಡಿಸಿಕೊಂಡು ಬರಬಾರದು. 1987ರಲ್ಲಿ ಶ್ರೀಲಂಕಾದ ಇಬ್ಬರು ವೈದ್ಯರು, ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ, ಇಂಥ ರೋಗಿಗಳನ್ನು ಗಮನಿಸಿ ಬರೆದರು. ಮೊದಲ ಹಂತ ಸುಧಾರಿಸಿದ ಮೇಲೆಯೂ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ ಎತ್ತಲು ಆಗದೆ, ಉಸಿರಿನ ಸ್ನಾಯು ಸೋತು ಕೆಲವರು ಸಾಯುವ ಸ್ಥಿತಿಗೆ ಹೋಗುತ್ತಾರೆ. ದಿಂಬಿನಿಂದ ತಲೆ ಎತ್ತಲು ಆಗುತ್ತದೆಯೇ ಎಂದು ಆ ದಿನಗಳಲ್ಲಿ ಡಾಕ್ಟರು ಮತ್ತೆ ಮತ್ತೆ ಕೇಳುವುದು ಅದಕ್ಕೇ.

ಕೊನೆಗೆ ನಮ್ಮ ಸ್ವಂತ ವಿಷಯಕ್ಕೆ ಬರುತ್ತೇನೆ. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಅಧ್ಯಾಯವಿದೆ. ಮಾಹಿತಿ ಪಡೆಯುವ ಹಕ್ಕು, ಲೇಬಲ್ ಓದುವ ಜವಾಬ್ದಾರಿ, ಬಿಲ್ ಕೇಳುವುದು ಎಂದು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಕೀಟನಾಶಕ ಕಾಯ್ದೆ 1968ರದು, ಅದರ ನಿಯಮಗಳು 1971ರವು. ಅವುಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರಲೇಬೇಕು. ಅದರ ಕೆಳಗಿನ ತ್ರಿಕೋನ ಕೆಂಪಾದರೆ ಅತಿ ಘೋರ ವಿಷ, ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ವಿಷವಲ್ಲ ಎಂದು ಅರ್ಥವಲ್ಲ. ಡಬ್ಬಿಯ ಜೊತೆ ಮಡಚಿ ಕೊಡುವ ಕಾಗದದಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷದ ಹೆಸರು ಅಚ್ಚಾಗಿರುತ್ತದೆ. ಅಕ್ಷರ ಇರುವೆಯಷ್ಟು ಚಿಕ್ಕದು, ಹೊಲದಲ್ಲಿ ಅದನ್ನು ಮೊದಲು ಬಿಸಾಡುತ್ತಾರೆ. ನಿಮ್ಮ ಅಬ್ಬಾ, ಅಣ್ಣ, ಮಾಮೂ ಯಾರಾದರೂ ಸಿಂಪಡಿಸುವ ಕೂಲಿಗೆ ಹೋಗುವವರಿದ್ದರೆ ಆ ಕಾಗದವನ್ನು ಒಮ್ಮೆ ಜೋರಾಗಿ ಓದಿ ಹೇಳಿ, ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ತುಂಬು ತೋಳಿನ ಅಂಗಿ, ಕೈಗವಸು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಡೆಯುವುದು, ನಡುಮಧ್ಯಾಹ್ನ ಹೊಡೆಯದಿರುವುದು, ಇವಕ್ಕೆ ಕೈಗವಸು ಬಿಟ್ಟರೆ ಬೇರೆ ಖರ್ಚಿಲ್ಲ.

ಇನ್ನೊಂದು ವಿಷಯ ಹೆಂಗಸರದು, ಹೀಗಾಗಿ ಯಾರೂ ಬರೆಯುವುದಿಲ್ಲ. ಸಿಂಪಡಿಸಿ ಬಂದ ಅಂಗಿ, ಲುಂಗಿಯನ್ನು ಅಮ್ಮೀಯೋ ಅಕ್ಕನೋ ಮನೆಯ ಉಳಿದ ಬಟ್ಟೆಗಳ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿ ಕೈಯಿಂದ ಉಜ್ಜುತ್ತಾರೆ. ಅದೇ ಬಕೆಟ್ಟಿನಲ್ಲಿ ಚಿಕ್ಕ ಮಗುವಿನ ಬಟ್ಟೆಯೂ ಇರುತ್ತದೆ. ಆ ಬಟ್ಟೆಗೆ ಬೇರೆ ಬಕೆಟ್ ಇಡಿ, ಮೊದಲು ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ ಆಮೇಲೆ ಸಾಬೂನು ಹಾಕಿ, ಕೈಗೆ ಗವಸು ಹಾಕಿಕೊಳ್ಳಿ, ಬಿಸಿಲಿಗೆ ಬೇರೆ ಹಗ್ಗದ ಮೇಲೆ ಒಣಗಿಸಿ. ಖಾಲಿ ಡಬ್ಬಿಯನ್ನು ತೊಳೆದು ಉಪ್ಪೋ ಸೀಮೆಎಣ್ಣೆಯೋ ಹಾಕಿಡುವ ಮನೆಗಳು ನಮ್ಮ ಓಣಿಯಲ್ಲಿಯೂ ಇವೆ. ಆ ಡಬ್ಬಿಗೆ ತೂತು ಹೊಡೆದು, ಮತ್ತೆ ಯಾರೂ ಬಳಸಲು ಬಾರದ ಹಾಗೆ ಜಜ್ಜಿ, ಬಾವಿ ಕಾಲುವೆಗಳಿಂದ ದೂರ ಹೂಳಬೇಕು ಎಂದು ಅದೇ ಕಾಗದದ ಕೊನೆಯ ಭಾಗದಲ್ಲಿ ಬರೆದಿರುತ್ತದೆ.